ಹಿತ್ತಾಳೆಯ ಮಣಿ

ಈ ಸೀನು ಸಿದ್ದಲಿಂಗಪ್ಪನದಲ್ಲ, ದಫೇದಾರರದು, ಕೊನೆಗೊಂದು ಯವ್ವಾ ಸೇರಿಸಿ ಸೀನುವವರು ಈ ಬ್ಯಾಡಗಿ ಠಾಣೆಯಲ್ಲಿ ಅವರೊಬ್ಬರೇ, ಹೊರಗೆ ಮೆಣಸಿನಕಾಯಿ ಲಾರಿ ಹಾದುಹೋದರೆ ಸಾಕು, ಒಳಗೆ ಕಾನೂನೇ ಸೀನುತ್ತದೆ — ಅಬ್ಬಾ ಪಕ್ಕದಲ್ಲಿ ಕುಳಿತು ಮೀಸೆಯಲ್ಲೇ ನಗುತ್ತಿದ್ದಾರೆ, ಯಾರ ಸೀನೆಂದು ಅವರಿಗೂ ಗೊತ್ತಾಗಿದೆ, ಸೀನು, ಕೆಮ್ಮು, ಚಪ್ಪಲಿಯ ಸಪ್ಪಳದ ಮೇಲೆ ಮನುಷ್ಯರನ್ನು ಗುರುತು ಹಿಡಿಯುವುದೇ ಈಗ ಅವರ ಕಸುಬು, ಯಾಕೆ ಹಾಗಾಯಿತೆಂದು ನನಗೊಬ್ಬನಿಗೇ ಗೊತ್ತು. ಚುನಾವಣೆ ಮುಗಿದಿದೆ, ಒಪ್ಪಿಸಿದ್ದ ಬಂದೂಕುಗಳನ್ನು ಇವತ್ತು ತಿರುಗಿ ಕೊಡುತ್ತಾರೆ, ಬೆಳೆ ಕಾಯಲು ಲೈಸೆನ್ಸು ಪಡೆದವರೆಲ್ಲ ಬೆಂಚಿನ ಮೇಲೆ ಸಾಲಾಗಿ, ಮದುವೆಯೂಟದ ಎರಡನೇ ಪಂಕ್ತಿಗೆ ಕಾಯುವವರ ಹಾಗೆ. ಓಟು ಬಂದ್ರ ನಾವ ಗೂಂಡಾಗೋಳ ಆಗತೇವೇನ್ರಿ ಸಾಹೇಬ್ರ, ಸಿದ್ದಲಿಂಗಪ್ಪ ಕೇಳುತ್ತಿದ್ದಾನೆ, ಅವನದೂ ಒಂದು ಬಂದೂಕು ಒಳಗಿದೆ, ಹಂದಿಗೋಳಿಗೇನು ನೀತಿಸಂಹಿತಿ ಇರಲಿಲ್ಲ ನೋಡ್ರಿ, ನಮ್ಮ ಗೊಂಜಾಳ ಬೇಕಾದಂಗ ಮೇಯ್ದು ಹೋಗ್ಯಾವ. ದಫೇದಾರರು ಮೂಗೊರೆಸಿಕೊಂಡು, ಕೊಟ್ಟರ ಹಂದಿ ಬಿಟ್ಟು ಅಣ್ಣತಮ್ಮರನ್ನ ಹೊಡಕೋತೀರಿ, ನನ್ನ ಕೈಯಾಗಿದ್ದಿದ್ರ ಎಲ್ಲಾ ಬಂದೂಕು ಕರಗಿಸಿ ಬೋರಿನ ಪೈಪ್ ಮಾಡಸ್ತಿದ್ದೆ. ಹಂಗಾರ ಹಂದಿಗೆ ನೋಟೀಸ್ ಕೊಡೂಣೇನ್ರಿ? ಇಬ್ಬರದೂ ಖರೆ, ಅದೇ ತೊಂದರೆ, ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ನಾನು ಪರ ಒಂದು ದನಿಯಲ್ಲಿ, ವಿರೋಧ ಇನ್ನೊಂದು ದನಿಯಲ್ಲಿ ಮಾತಾಡಿ ಬಹುಮಾನ ಹೊಡೆದವನು, ಆದರೆ ಆ ವಿಷಯಗಳಲ್ಲಿ ಯಾರ ಅಪ್ಪನ ಕಣ್ಣೂ ಇರುತ್ತಿರಲಿಲ್ಲ.

ನರ ಒಣಗ್ಯಾವ್ರಿ, ಹೋದ ದೃಷ್ಟಿ ತಿರುಗಿ ಬರೂದಿಲ್ಲ, ಹಾವೇರಿಯ ಕಣ್ಣಿನ ಡಾಕ್ಟರು ಅಂದಿದ್ದರು, ಕಾಗಿನೆಲೆಯಲ್ಲಿ ಬಸ್ಸು ಇಳಿಯುವಾಗ ಅಬ್ಬಾ, ಕಣ್ಣಿನ ಸುದ್ದಿ ಮನಿ ದಾಟಬಾರದು ಅಶ್ಫಾಕ. ನಾನು ಹ್ಞೂಂ ಅಂದೆ. ಲೈಸೆನ್ಸಿನ ತಪಾಸಣೆಗೆ ರಾಣೆಬೆನ್ನೂರಿನ ಬೇರೊಂದು ದವಾಖಾನೆ, ಅಲ್ಲಿ ಅಬ್ಬಾ ತನ್ನ ಮುಂದಿನವನು ಗೋಡೆಯ ಮೇಲಿನ ಅಕ್ಷರ ಓದಿದ್ದನ್ನು ಕೇಳಿಸಿಕೊಂಡು ಅವನದೇ ರಾಗದಲ್ಲಿ, ಅವನು ತಡವರಿಸಿದಲ್ಲೇ ತಡವರಿಸಿ ಒಪ್ಪಿಸಿಬಿಟ್ಟರು, ಮಿಮಿಕ್ರಿ ನನಗೆ ಯಾರಿಂದ ಬಂತೆಂದು ಅವತ್ತು ತಿಳಿಯಿತು, ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಬ್ಬಾನನ್ನು ಕಂಡರೆ ಯೂಸುಫಸಾಬರ ಗುಂಡಿಗೆ ಗಟ್ಟಿ ಎನ್ನುತ್ತದೆ ಊರು, ಗುಂಡಿಗೆ ಕಣ್ಣಿಲ್ಲ ಎಂದು ಅದಕ್ಕೆ ಯಾರು ಹೇಳಬೇಕು. ಈಗಲೂ ನೋಡು, ಬಂದೂಕು ಇನ್ನೂ ಕೈಗೆ ಬಂದಿಲ್ಲ, ಹೆಬ್ಬೆರಳು ಆಗಲೇ ಕೊಡೆಯ ತುದಿಯನ್ನು ಉಜ್ಜುತ್ತಿದೆ, ಅದು ಹಳೆಯ ರೂಢಿ, ಅಜ್ಜ ದಾದಾಸಾಬರ ಕಾಲದ ಒಂಟಿನಳಿಗೆ ಬಂದೂಕು ನಮ್ಮದು, ಎತ್ತುವ ಮೊದಲು ನಳಿಗೆಯ ತುದಿಯಲ್ಲಿರುವ ಹಿತ್ತಾಳೆಯ ಮಣಿಯನ್ನು ತಡವಿಕೊಳ್ಳುತ್ತಾರೆ — ಗುರಿ ಹಿಡಿಯಲು ಕಣ್ಣಿನಿಂದ ನೋಡಬೇಕಾದ ಮಣಿ, ತಡವುವುದಕ್ಕಲ್ಲ. ಠಾಣೆಗೆ ಒಪ್ಪಿಸುವ ಹಿಂದಿನ ವಾರವೂ ಹೊಲದ ಬದುವಿನ ಮೇಲೆ ಹಾಗೆಯೇ ತಡವಿ, ಗೋವಿನಜೋಳ ಅಲುಗಿದ ಕಡೆಗೆ ಎತ್ತಿ ಹಿಡಿದಿದ್ದರು, ಯಾರದು, ಯಾರದದು, ಉತ್ತರವಿಲ್ಲ, ಹಂದಿ ಐತಿ ಬೇಟಾ, ಹಂದಿನ — ತೆನೆಗಳ ನಡುವೆ ಬಗ್ಗಿ ಬರುತ್ತಿದ್ದವನು ಚನ್ನೇಶ, ಪಕ್ಕದ ಹೊಲದ ಮಲ್ಲೇಶಪ್ಪನ ಮಗ, ಮೋಟಾರು ಚಾಲೂ ಮಾಡಲು ಬಂದಿದ್ದ, ನನಗೆ ಅವನ ಕೆಂಪು ಅಂಗಿ ಕಂಡಿತು, ಅವನ ಕಿವಿಯಲ್ಲಿ ಇಯರ್‌ಫೋನು, ನಾನು ನಳಿಗೆಯನ್ನು ನೆಲಕ್ಕೆ ಒತ್ತಿದೆ, ಅವನು ಹಾಡು ಗುನುಗುತ್ತ ಹಾದುಹೋದ, ಏನೂ ಗೊತ್ತಾಗದೆ. ಮೊನ್ನೆ ಚಹಾದಂಗಡಿಯಲ್ಲಿ ಅದೇ ಮಲ್ಲೇಶಪ್ಪ, ತಂಬಾಕಿನ ಗಂಟಲಲ್ಲಿ ಒಂದು ಹ್ಞಾಂ ಎಳೆದು, ನಿಮ್ಮಪ್ಪ ಅದಾನಂತ ನಮ್ಮ ಗೊಂಜಾಳ ಉಳದಾವಪಾ, ಲಗೂ ಬಿಡಿಸ್ಕೊಂಡ ಬರ್ರಿ ಬಂದೂಕ, ಎಂದು ಚಹಾ ಕುಡಿಸಿದ. ಮನೆಯಲ್ಲಿ ಎಷ್ಟು ಸಲ ಹೇಳಿಲ್ಲ, ಬ್ಯಾಡ ಅಬ್ಬಾ, ಕೊಟ್ಟುಬಿಡೂಣು ಅಂತ, ಬಂದೂಕಿಲ್ಲದ ನಾ ಹೊಲದಾಗ ಬರೇ ಬೆದರಗೊಂಬಿ ಆಗತೇನೇನು ಹಂಗಾರ, ಅಬ್ಬಾನದು ಅಷ್ಟೇ ಉತ್ತರ, ಆಮೇಲೆ ಗೋಡೆಯ ಕಡೆಗೆ ಮುಖ.

ಯೂಸುಫಸಾಬ, ಬರ್ರಿ. ಎದ್ದರು, ದನಿ ಬಂದ ಕಡೆಗೆ ನೇರ ಮೇಜಿನವರೆಗೆ ನಡೆದರು, ಎಷ್ಟು ಚೆಂದ ನಡೆಯುತ್ತಾರೆ, ಯಾರಿಗೂ ಅನುಮಾನ ಬರುವುದಿಲ್ಲ, ದಫೇದಾರರು ಒಳಗಿಂದ ಬಂದೂಕು ತಂದರು, ತುದಿಯಲ್ಲಿ ಮಣಿ ಮಿಣಕ್ ಎಂದಿತು, ಈಗ ಬಾಯಿ ಬಿಟ್ಟು ಹೇಳಿದರೆ ಮಾತು ಮುರಿದ ಮಗ, ಹೇಳದಿದ್ದರೆ ಕೆಂಪು ಅಂಗಿ, ಕೆಂಪು ಅಂಗಿ — ನಾನು ಹೋಗಿ ಅಬ್ಬಾನ ಎದುರಿಗೇ ನಿಲ್ಲುತ್ತೇನೆ, ಕಿಟಕಿಯ ಬಿಸಿಲು ನೆಟ್ಟಗೆ ನನ್ನ ಮುಖದ ಮೇಲೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಗಂಟಲನ್ನು ತಂಬಾಕಿನ ಗಂಟಲು ಮಾಡಿಕೊಂಡು, ಒಂದು ಹ್ಞಾಂ ಎಳೆದು, ಹ್ಞಾಂ, ಏನ್ ಯೂಸುಫಣ್ಣಾ, ಬಿಡಿಸ್ಕೊಂಡಿ? ಅಬ್ಬಾನ ಮುಖ ಅರಳುತ್ತದೆ, ನನ್ನನ್ನೇ ನೋಡುತ್ತಾರೆ, ಬಾರೋ ಮಲ್ಲೇಶಿ, ಹೊಸರಿತ್ತಿಗೆ ಹೊಂಟೇನಿ ಅಂದಿದ್ದೆಲ್ಲ, ಯಾವಾಗ ಬಂದಿ? ನಮ್ಮ ಅಶ್ಫಾಕ ಇಲ್ಲೇ ಇದ್ದ ನೋಡು, ಎಲ್ಲಿ ಹೋದ್ನೋ. ಸಿದ್ದಲಿಂಗಪ್ಪ ನಕ್ಕ, ನಗು ಅರ್ಧಕ್ಕೆ ನಿಂತಿತು. ದಫೇದಾರರ ಕೈ ಬಂದೂಕನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡಿತು, ಯೂಸುಫಸಾಬ್ರ, ನಿಮ್ಮ ಎದುರಿಗೆ ನಿಂತಾವ್ರು ಯಾರ್ರಿ? ಯಾರೂ ಸೀನುತ್ತಿಲ್ಲ. ಮಲ್ಲೇಶಿಯ ಕೈ ಹಿಡಿಯಲು ಚಾಚಿದ್ದ ಅಬ್ಬಾನ ಕೈ ಗಾಳಿಯಲ್ಲಿ ತಡೆಯಿತು, ಮೇಲಕ್ಕೆ ಬಂತು, ನನ್ನ ಗದ್ದ, ಅಲ್ಲಿಂದ ತುಟಿ, ಆ ದನಿ ಹೊರಟ ಜಾಗಕ್ಕೆ ಬಂದು ನಿಂತಿತು ಹೆಬ್ಬೆರಳು, ಮೆಲ್ಲಗೆ ಉಜ್ಜುತ್ತಿದೆ, ಮಣಿಯನ್ನು ತಡವಿದ ಹಾಗೆ, ಮಣಿಯನ್ನು