ಗಝಾಲಾ ಹೊಲಿದ ಮದುವೆಯ ಉಡುಪು

ಗಝಾಲಾ ಹರಕೆ ಹೊತ್ತದ್ದು ಇಪ್ಪತ್ತೆರಡು ವರ್ಷದ ಹಿಂದೆ, ಮಡಿಲು ತುಂಬದೆ ಕಣ್ಣೀರಲ್ಲಿ ಕೈ ತೊಳೆಯುತ್ತಿದ್ದ ದಿನಗಳಲ್ಲಿ. ಒಂದು ಶುಕ್ರವಾರ ಸಂಜೆ ದೀಪ ಹಚ್ಚಿ, ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡು ದೇವರಿಗೆ ಹೇಳಿದ್ದಳು: ಹೆಣ್ಣು ಮಗು ಕೊಟ್ಟರೆ ಅದರ ಮದುವೆಗೆಂದು ಆಗಲೇ ಒಂದು ಬಿಳಿ ಉಡುಪು ಹೊಲಿದಿಡುತ್ತೇನೆ. ಅವಳ ಸರದಿ ಬರುವವರೆಗೂ ನಮ್ಮ ಹಾರಾ ಕೇರಿಯ ಬಡ ಹುಡುಗಿಯರು ಅದನ್ನು ತೊಟ್ಟು ಮದುವೆಯಾಗಲಿ. ಕೊನೆಗೆ ಅವರು ತೊಟ್ಟದ್ದನ್ನೇ ನನ್ನ ಮಗಳು ಮದುಮಗಳಾಗಿ ತೊಡುತ್ತಾಳೆ. ವರ್ಷ ತಿರುಗುವುದರೊಳಗೆ ಹಬೀಬಾ ಹುಟ್ಟಿದಳು.

ಉಡುಪು ಇದ್ದದ್ದು ಧರ್ಮಗುರು ರಬ್ಬಿ ಖಮ್ಮೂಸರ ಮನೆಯ ಪೆಟ್ಟಿಗೆಯಲ್ಲಿ. ಜೆರ್ಬಾ ದ್ವೀಪದ ಯೆಹೂದಿ ಕೇರಿಯಾದ ಹಾರಾದಲ್ಲಿ ಕೊಟ್ಟವರ ಮುಖ ಪಡೆದವರಿಗೆ ಕಾಣಬಾರದು. ಕಂಡರೆ ಅದು ದಾನವಲ್ಲ, ಭಾರ. ಹಾಗಾಗಿ ಕೇಳುವುದೂ ಕೊಡುವುದೂ ರಬ್ಬಿಯವರ ಹೆಂಡತಿ ಕಮ್ಮೂನಾಳ ಮೂಲಕ. ಆಕೆ ಒಬ್ಬೊಬ್ಬಳಿಗೂ ತೋಳಿನ ಅಂಚು, ನಡುಪಟ್ಟಿ ಬದಲಿಸಿ ಕೊಡುತ್ತಿದ್ದಳು, ಊರು ಗುರುತು ಹಿಡಿಯದಿರಲೆಂದು. ಹೊಲಿದವಳ ಕಣ್ಣು ಮಾತ್ರ ಮೋಸ ಹೋಗುತ್ತಿರಲಿಲ್ಲ. ಯಾರದೋ ಮದುವೆಯಲ್ಲಿ ತನ್ನ ಹೊಲಿಗೆ ಕಂಡಾಗಲೆಲ್ಲ ಗಝಾಲಾ ಉಳಿದವರ ಜೊತೆ ತಾನೂ, ಎಷ್ಟು ಚೆನ್ನಾಗಿದೆ ಎಂದು ಹೊಗಳುವಳು. ಹರಕೆಯ ವಿಷಯ ಹಬೀಬಾಳ ನಿಶ್ಚಯವಾದ ಮೇಲೆ ಅವಳೊಬ್ಬಳಿಗೆ ಹೇಳಿದ್ದು ಬಿಟ್ಟರೆ ಕಮ್ಮೂನಾಳಿಗೂ ಹೇಳಿರಲಿಲ್ಲ. ತಪ್ಪಿದ್ದು ಅಲ್ಲೇ.

ಪೆಸಹ್ ಹಬ್ಬ ಕಳೆದ ಮೇಲೆ ಕೆಲವು ವಾರ ಹಾರಾದಲ್ಲಿ ಮದುವೆ ಕೂಡದು. ಆ ಕಟ್ಟು ಬಿಟ್ಟಿತೋ, ಮದುವೆಗಳದೇ ಸುಗ್ಗಿ. ಹಬೀಬಾಳದೂ ಆ ಮೊದಲ ಬುಧವಾರವೇ. ಹಿಂದಿನ ವಾರ ಗಝಾಲಾ ಉಡುಪು ಕೇಳಲು ಹೋದರೆ ಕಮ್ಮೂನಾ ಕೈಯಲ್ಲಿದ್ದ ಸೂಜಿ ಕೆಳಗಿಟ್ಟಳು. ಅದೇ ಬುಧವಾರ ತೂಮಿಯ ಮದುವೆಯೂ ಇತ್ತು. ತಾಯಿ ತಂದೆ ಇಲ್ಲದ, ಚಿಕ್ಕಮ್ಮನ ಮನೆಯಲ್ಲಿ ಬೆಳೆದ ಹುಡುಗಿ. ಉಡುಪು ಅವಳ ಅಳತೆಗೆ ಸಿದ್ಧವಾಗಿತ್ತು. ಹಾಕಿ ನೋಡಿದವಳು ಬಿಚ್ಚಲು ಮನಸ್ಸಿಲ್ಲದೆ ಕಿಟಕಿಯ ಹತ್ತಿರ ನಿಂತೇ ಇದ್ದಳಂತೆ. ಬೆಳ್ಳಿ ಕೆಲಸದ ಉಳ್ಳವರ ಮನೆಯ ಹಬೀಬಾ ಪೆಟ್ಟಿಗೆಯ ಉಡುಪು ತೊಡುತ್ತಾಳೆಂದು ಯಾರು ತಾನೇ ಎಣಿಸಿದ್ದರು?

ಗಝಾಲಾ ಹರಕೆಯ ವಿಷಯವನ್ನು ರಬ್ಬಿಯವರ ಮುಂದಿಟ್ಟಳು. ಮರುದಿನ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ರಬ್ಬಿಯವರು ಇನ್ನಿಬ್ಬರನ್ನು ಕೂರಿಸಿಕೊಂಡರು. ಹರಕೆ ಬಿಡಿಸಲು ಮೂವರು ಬೇಕು. ಸರದಿ ಹಬೀಬಾಳದು, ಹರಕೆಯಂತೆ ಉಡುಪು ಅವಳಿಗೇ ಸಲ್ಲಬೇಕು, ತೂಮಿಗೆ ಬಿಡುವುದಾದರೆ ಮೊದಲು ಹರಕೆ ಬಿಡಿಸಬೇಕು ಎಂದು ರಬ್ಬಿ ತಿಳಿಸಿದರು. ಆಮೇಲೆ ಮೆಲ್ಲಗೆ ಕೇಳಿದರು.

“ಆ ಹರಕೆ ಹೊರಬಾರದಿತ್ತು ಅಂತ ನಿನಗೆ ಮನಸಾರೆ ಅನ್ನಿಸ್ತಿದೆಯಾ ತಾಯಿ?”

ಗಝಾಲಾ ತಲೆವಸ್ತ್ರದ ತುದಿಯನ್ನು ಬೆರಳಿಗೆ ಸುತ್ತಿದಳು. “ಇಲ್ಲ. ಹಂಗಂದ್ರೆ ಹಬೀಬಾ ಹುಟ್ಟಿದ್ದೇ ಬೇಡವಾಗಿತ್ತು ಅಂದ ಹಾಗೆ.”

ಪಕ್ಕದಲ್ಲಿದ್ದ ಕಸಾಯಿ ನಿಸೀಮ್ ಕೆಮ್ಮಿದ. “ಬಾಯಿ ಮಾತಿಗಾದ್ರೂ ಹೂಂ ಅನ್ನು ಅಕ್ಕಾ. ಮೂರು ಜನ ಹಸ್ಕೊಂಡು ಕೂತಿದೀವಿ.”

“ಬಾಯಿ ಮಾತಿಗೆ ಅನ್ನೋದಾಗಿದ್ರೆ ನಿಮ್ಮ ಹತ್ರ ಯಾಕೆ ಬರ್ತಿದ್ದೆ ನಿಸೀಮಣ್ಣ?”

ಪಶ್ಚಾತ್ತಾಪವಿಲ್ಲದೆ ಹರಕೆ ಬಿಡುವುದಿಲ್ಲ. ಮೂವರೂ ಎದ್ದರು. ಗಝಾಲಾ ಸುಣ್ಣದ ಗೋಡೆಗಳ ಓಣಿಯಲ್ಲಿ ಕಾಲೆಳೆಯುತ್ತ ಬಂದಳು. ಉಡುಪು ತಂದರೆ ತೂಮಿಯ ಮೈಮೇಲಿಂದ ಕಿತ್ತು ತಂದಂತೆ. ತರದಿದ್ದರೆ ಮಗಳನ್ನು ಕೊಟ್ಟ ದೇವರಿಗೆ, ಮಗಳ ಮದುವೆಯ ದಿನವೇ ಮಾತು ತಪ್ಪಿದಂತೆ.

ಹಬೀಬಾ ಅಂಗಳದಲ್ಲಿ ಬಾದಾಮಿ ಸಿಪ್ಪೆ ಸುಲಿಯುತ್ತಿದ್ದಳು. ನಡೆದದ್ದನ್ನೆಲ್ಲ ಕೇಳಿಸಿಕೊಂಡು, ಒಂದು ಬಾದಾಮಿ ಬಾಯಿಗೆ ಹಾಕಿಕೊಂಡಳು.

“ತೂಮಿನೇ ಹಾಕ್ಕೊಳ್ಳಲಿ ಬಿಡಮ್ಮ.”

“ಮತ್ತೆ ಹರಕೆ? ಅದನ್ನ ನಿಮ್ಮಪ್ಪ ತೀರಿಸ್ತಾನಾ?”

“ಮದುಮಗಳಾಗಿ ತೊಡ್ತಾಳೆ ಅಂದಿದ್ಯಂತೆ. ಚಪ್ಪರದ ಕೆಳಗೇ ಅಂದಿದ್ಯಾ? ಮದುವೆ ಆದ್ಮೇಲೆ ಏಳು ದಿನ ಔತಣ ಹಾಕಿ ಏಳು ದಿನಾನೂ ಆಶೀರ್ವಾದ ಹೇಳಿಸ್ತೀರಿ. ಅಷ್ಟು ದಿನಾನೂ ನಾನು ಮದುಮಗಳೇ ತಾನೆ? ಇಲ್ಲ, ಒಂದೇ ರಾತ್ರಿಗೆ ಹಳೇ ಹೆಂಡತಿ ಆಗ್ಬಿಡ್ತೀನಾ?”

ಗಝಾಲಾ ಬಾದಾಮಿ ಬುಟ್ಟಿಯ ಪಕ್ಕ ಕೂತಳು. ನಗು ಬಂತು, ಕಣ್ಣೂ ತುಂಬಿತು. ಬಂದ ದಾರಿಯಲ್ಲೇ ತಿರುಗಿ ಹೋಗಿ ಕೇಳಿದಾಗ ರಬ್ಬಿಯವರು, ಏಳನೆಯ ದಿನದವರೆಗೂ ಮದುಮಗಳೇ, ಅದರಲ್ಲಿ ಎರಡು ಮಾತಿಲ್ಲ ಎಂದರು.

ಬುಧವಾರ ಹಬೀಬಾ ಸೋದರತ್ತೆಯ ಮಗಳ ಉಡುಪಿನಲ್ಲಿ ಚಪ್ಪರದ ಕೆಳಗೆ ನಿಂತಳು. ಭುಜ ಸ್ವಲ್ಪ ಬಿಗಿಯಾಗಿತ್ತು. ಇಷ್ಟು ವರ್ಷ ಕಣ್ಣಲ್ಲಿ ತುಂಬಿಕೊಂಡಿದ್ದ ನೋಟ ಇದಲ್ಲವಲ್ಲ ಎಂದು ಗಝಾಲಾಳ ಎದೆ ಚುರುಕ್ ಎಂದಿತು. ಆಚೆ ಓಣಿಯಿಂದ ತೂಮಿಯ ಮದುವೆಯ ದರ್ಬೂಕಾ ಡೋಲಿನ ಸದ್ದು ಕೇಳುತ್ತಿತ್ತು.

ಭಾನುವಾರ ಕಮ್ಮೂನಾ ರೊಟ್ಟಿಯ ಬಟ್ಟೆಯಲ್ಲಿ ಸುತ್ತಿ ಉಡುಪು ತಂದಳು. ಅಂಚು ಬದಲಾಗಿತ್ತು. ತೋಳಿನ ಒಳಗಡೆ ತೂಮಿಯ ಮದರಂಗಿಯ ಕಲೆಯೊಂದು ಒಗೆದರೂ ಹೋಗದೆ ಉಳಿದಿತ್ತು.

ಸೋಮವಾರದ ಔತಣಕ್ಕೆ ಹಬೀಬಾ ಅದನ್ನೇ ತೊಟ್ಟು ಕೂತಳು. ಹರಕೆ ತೀರಿತು.