ಚಿಕ್ಕಪ್ಪನ ಗೇಣು, ಕಾನೂನಿನ ಇಂಚು

ಕೌ ಮೆಂಗ್ ಕುಳ್ಳ. ಅವನ ಅಪ್ಪ ಬಿಟ್ಟುಹೋದ ಕೋವಿ ಉದ್ದ. ಹೋದ ವರ್ಷ ಅಳಿಲು ಬೇಟೆಗೆ ಹೋದಾಗಲೆಲ್ಲ ಅದರ ಮೂತಿ ಕಾಡುದ್ರಾಕ್ಷಿ ಬಳ್ಳಿಗೆ ಸಿಕ್ಕಿಕೊಳ್ಳುತ್ತಿತ್ತು. ಬಿಡಿಸಿಕೊಂಡು ಭುಜಕ್ಕೆ ಏರಿಸುವಷ್ಟರಲ್ಲಿ ಅಳಿಲು ಪಕ್ಕದ ಮರಕ್ಕೆ ಹಾರಿ ಬಾಲ ಕುಣಿಸುತ್ತಿತ್ತು. ಹೊಳೆಯಾಚೆಯ ದಾಯಾದಿ ಫುವೆ ಊಟಕ್ಕೆ ಕೂತಾಗಲೆಲ್ಲ ಅದನ್ನೇ ಎತ್ತುತ್ತಿದ್ದ: "ನಮ್ಮ ಕೌ ಮೆಂಗ್ ಕೋವಿ ಹೊತ್ಕೊಂಡ್ ಹೋಗ್ತಾನೋ, ಕೋವಿ ಇವನನ್ನ ಹೊತ್ಕೊಂಡ್ ಹೋಗುತ್ತೋ?"

ಈ ವರ್ಷ ಕೌ ಮೆಂಗ್ ಹಲ್ಲು ಕಚ್ಚಿ ತೀರ್ಮಾನ ಮಾಡಿದ. ಶನಿವಾರ ಬೇಟೆ ಶುರು. ಮಿಸಿಸಿಪ್ಪಿ ಹೊಳೆಯ ಸೇತುವೆ ದಾಟಿ ಮಿನೆಸೋಟ ಕಡೆಯ ಕಾಡಿಗೆ ಎಲ್ಲರೂ ಹೋಗುವುದೆಂದು ಮಾತಾಗಿತ್ತು. ಆ ರಾಜ್ಯದ ಬೇಟೆ ಪರವಾನಗಿಯೂ ಕೈಗೆ ಬಂದಿತ್ತು. ಅಷ್ಟರೊಳಗೆ ಕೋವಿಯ ನಳಿಗೆ ಗಿಡ್ಡವಾಗಬೇಕು.

ಹೊಳೆಯ ಈಚೆ, ವಿಸ್ಕಾನ್ಸಿನ್ ರಾಜ್ಯದ ಲಾ ಕ್ರಾಸ್ ಊರಿನಲ್ಲಿ ಆ ಕೆಲಸಕ್ಕೆ ಚಿಕ್ಕಪ್ಪ ನಿಯಾ ತೋಂಗ್‌ಗಿಂತ ಒಳ್ಳೆಯ ಕೈ ಇಲ್ಲ. ಲಾವೋಸಿನ ಬೆಟ್ಟದಲ್ಲಿ ಕುಲುಮೆ ಊದಿ ಕೋವಿ ಮಾಡಿದವನು. ಇಲ್ಲಿಗೆ ಬಂದ ಮೇಲೆ ಮನೆಮನೆಯ ಚಾಕು, ಕುಡುಗೋಲು ಮಾಡಿಕೊಡುತ್ತಾನೆ. ಶುಕ್ರವಾರ ಮಧ್ಯಾಹ್ನ ಅವನ ಕಾರ್ ಶೆಡ್ಡಿನಲ್ಲಿ ಕೋವಿಯನ್ನು ಮೇಜಿನ ಕಬ್ಬಿಣದ ಹಿಡಿಕಟ್ಟಿಗೆ, ವೈಸಿಗೆ, ಬಿಗಿದದ್ದಾಯಿತು. ಚಿಕ್ಕಪ್ಪ ನಳಿಗೆಯ ಬುಡದಲ್ಲಿ ಹೆಬ್ಬೆರಳಿಟ್ಟು ನಡುಬೆರಳು ಚಾಚಿದ. ಒಂದು ಗೇಣು. ಮತ್ತೊಂದು ಗೇಣು. ಅಲ್ಲಿ ಸೀಮೆಸುಣ್ಣದ ಗೆರೆ ಎಳೆದ.

"ಎರಡು ಗೇಣು ಉಳಿಸಿದ್ರೆ ಕಾನೂನಿಗೂ ಸಮಾಧಾನ," ಅಂದ. "ಕೋವಿ ಅಂಗಡಿಯವನೇ ಕೈಯಿಟ್ಟು ತೋರಿಸಿದ."

"ಕೊಯ್ಯಿ ಚಿಕ್ಕಪ್ಪ. ನಮ್ಮಪ್ಪನ ಕೋವಿ, ನಿನ್ನ ಗರಗಸ. ಕೇಳೋಕೆ ಸರ್ಕಾರದವರ್ಯಾರು?"

ಗರಗಸದ ಹಲ್ಲು ಗೆರೆಗೆ ತಾಗುವ ಹೊತ್ತಿಗೆ ಶೆಡ್ಡಿನ ಬಾಗಿಲು ಕತ್ತಲಾಯಿತು. ಸೋದರತ್ತೆ ಮಾಯ್ ಚುವಾ ನಿಂತಿದ್ದಳು, ಕಂಕುಳಲ್ಲಿ ಹಾಗಲಕಾಯಿ ಬುಟ್ಟಿ. ಇಡೀ ಬಳಗದಲ್ಲಿ ಅವಳಷ್ಟು ಅಳಿಲು ಹೊಡೆದವರಿಲ್ಲ, ಅವಳಷ್ಟು ಗಂಟಲಿರುವವರೂ ಇಲ್ಲ. ಹೊಸ ಬೇಟೆಗಾರರಿಗೆ ಪಾಠ ಹೇಳುವವಳೂ ಅವಳೇ.

"ತೆಗಿ ಕೈ," ಅಂದಳು ತಮ್ಮನಿಗೆ. "ಗುಂಡು ಇಲ್ಲ ತಾನೇ? ಬಾಗಿಸಿ ತೋರಿಸು."

ಚಿಕ್ಕಪ್ಪ ಕೋವಿಯನ್ನು ನಡುವಿನ ಕೀಲಿನಲ್ಲಿ ಬಾಗಿಸಿ ನಳಿಗೆಯ ಬುಡ ತೋರಿಸಿದ. ಖಾಲಿ. ಅತ್ತೆ ಗೆರೆಯ ಕಡೆ ಬೊಟ್ಟು ಮಾಡಿದಳು.

"ಇದೇನು?"

"ಎರಡು ಗೇಣು, ಅಕ್ಕ. ಅಂಗಡಿಯವನು ಹೇಳಿದ್ದು."

"ಯಾವ ಅಂಗಡಿಯವನು? ಆ ಬಾಗಿಲಿಗೆ ತಲೆ ತಗುಲೋ ಮನುಷ್ಯನಾ?"

"ಹೂಂ."

"ಅವನ ಕೈ ನೋಡಿದ್ದೀಯಾ? ಊಟದ ತಟ್ಟೆ ಇದ್ದ ಹಾಗಿದೆ. ಅವನ ಗೇಣು ಅವನಿಗೆ. ನಿನ್ನದು ಬೆಕ್ಕಿನ ಗೇಣು. ಟೇಪು ಎಲ್ಲಿ?"

ಅತ್ತೆ ಕೋವಿ ಮುಚ್ಚಿದಳು. ಮೂಲೆಯಲ್ಲಿದ್ದ ತೆಳ್ಳನೆಯ ಕೋಲನ್ನು ನಳಿಗೆಯ ಬಾಯಿಂದ ಒಳಕ್ಕೆ, ತಳ ಮುಟ್ಟುವವರೆಗೆ ಇಳಿಬಿಟ್ಟಳು. "ಕಾನೂನು ಅಳೆಯೋದು ಹೀಗೆ. ಕೋವಿ ಮುಚ್ಚಿ, ಒಳಗಿನ ತಳದಿಂದ ಬಾಯಿವರೆಗೆ." ಸುಣ್ಣದ ಗೆರೆಯ ನೇರಕ್ಕೆ ಬರುವಂತೆ ಕೋಲಿಗೆ ಗುರುತು ಹಾಕಿ ಟೇಪು ಹಿಡಿದಳು. "ಓದೋ ಕೌ ಮೆಂಗ್."

"ಹದಿನೈದೂವರೆ ಇಂಚು."

"ಇದು ಚೆರೆ ಕೋವಿ, ಒಂದೇಟಿಗೆ ಹತ್ತಾರು ಸಣ್ಣ ಗುಂಡು ಚೆಲ್ಲೋದು. ಇದರ ನಳಿಗೆ ಎಷ್ಟಿರಬೇಕು ಗೊತ್ತಾ? ಹದಿನೆಂಟು. ಒಂಟಿ ಗುಂಡಿನ ರೈಫಲ್‌ಗೆ ಹದಿನಾರು. ಯಾವುದೇ ಆಗಲಿ, ಇಡೀ ಕೋವಿ ಈ ತುದಿಯಿಂದ ಆ ತುದಿಗೆ ಇಪ್ಪತ್ತಾರಕ್ಕೆ ಕಡಿಮೆ ಆಗಬಾರದು."

ಕೌ ಮೆಂಗ್‌ಗೆ ರೇಗಿತು. "ಎರಡೂವರೆ ಇಂಚಿಗೆ ಇಷ್ಟು ಗಲಾಟೆನಾ ಅತ್ತೆ? ಫುವೆಯ ಸ್ನೇಹಿತ ಟೆಕ್ಸಸ್‌ನಲ್ಲಿ ಇದಕ್ಕಿಂತ ಗಿಡ್ಡದ್ದು ಇಟ್ಕೊಂಡಿದ್ದಾನೆ. ಫೋನಲ್ಲಿ ತೋರಿಸಿದ."

"ಅವನು ಕೇಂದ್ರ ಸರ್ಕಾರಕ್ಕೆ ಅರ್ಜಿ ಹಾಕಿ, ಒಪ್ಪಿಗೆ ಬಂದ ಮೇಲೆ ಇಟ್ಕೊಂಡಿದ್ದಾನೋ ಇಲ್ವೋ, ಅದನ್ನ ತೋರಿಸಿದ್ನಾ?"

ಕೌ ಮೆಂಗ್ ಟೇಪನ್ನು ಮತ್ತೊಮ್ಮೆ ಓದಿದ.

"ಸರಿ, ಕೊಯ್ದು ಆಮೇಲೆ ಅರ್ಜಿ ಹಾಕಿದ್ರಾಯ್ತು," ಅಂದ ಚಿಕ್ಕಪ್ಪ.

"ಆಮೇಲೆ ಅನ್ನೋದೇ ಇಲ್ಲ ಕಣೋ. ಒಪ್ಪಿಗೆ ಮೊದಲು, ಗರಗಸ ಆಮೇಲೆ. ಕೊಯ್ದ ಗಳಿಗೆಯಿಂದಲೇ ಅಪರಾಧ. ಸಿಕ್ಕಿಬಿದ್ರೆ ಇವನಿಗೆ ಜೈಲು, ಅಣ್ಣನ ಕೋವಿ ಜಪ್ತಿ. ಜೈಲಿಂದ ಬಂದ ಮೇಲೂ ಇವನು ಕೋವಿ ಮುಟ್ಟೋ ಹಾಗಿಲ್ಲ. ಅಣ್ಣ ಇವನಿಗೆ ಬಿಟ್ಟುಹೋಗಿದ್ದು ಇದೊಂದೇ."

ಚಿಕ್ಕಪ್ಪನ ಕೈಯಲ್ಲಿದ್ದ ಗರಗಸ ಕೆಳಗಿಳಿಯಿತು. ಆದರೂ ಅವನ ಬಾಯಿ ನಿಲ್ಲಲಿಲ್ಲ. "ಬೆಟ್ಟದಲ್ಲಿ ನಾನು ಮಾಡಿದ ಕೋವಿಗೆ ಯಾರೂ ಟೇಪು ಹಿಡೀಲಿಲ್ಲ."

"ಬೆಟ್ಟದಲ್ಲಿ ನಿನಗೆ ಹಲ್ಲೂ ಇತ್ತು."

ಕೌ ಮೆಂಗ್‌ಗೆ ಕೋಪದಲ್ಲೂ ನಗು ಬಂತು. ನಗುತ್ತಲೇ ಇನ್ನೊಂದು ದಾರಿ ಹುಡುಕಿದ. "ಹಾಗಾದ್ರೆ ಅತ್ತೆ, ಮುಂದಿನ ವರ್ಷಕ್ಕೆ ಅರ್ಜಿ ಹಾಕಿ ಒಪ್ಪಿಗೆ ತಗೊಂಡೇ ಕೊಯ್ಸಿದ್ರೆ? ಆಗ ಆಯ್ತಲ್ಲ?"

"ಹೊಳೆಯ ಈ ದಡದಲ್ಲಿ ಆಯ್ತು. ನಮ್ಮ ವಿಸ್ಕಾನ್ಸಿನ್ ಒಪ್ಪುತ್ತೆ. ಸೇತುವೆ ದಾಟಿದೆಯೋ, ಗಿಡ್ಡ ಚೆರೆ ಕೋವಿ ಮಿನೆಸೋಟದಲ್ಲಿ ನಮ್ಮಂಥ ಬೇಟೆಗಾರರಿಗೆ ಇಲ್ಲ. ಕೇಂದ್ರದ ಕಾಗದ ಜೇಬಲ್ಲಿದ್ರೂ ಇಲ್ಲ. ಗಿಡ್ಡ ರೈಫಲ್ ಆದ್ರೆ ಅಲ್ಲಿ ಲೆಕ್ಕ ಬೇರೆ. ಅದನ್ನೂ ರಾಜ್ಯ ದಾಟಿಸೋಕೆ ಮೊದಲೇ ಕೇಂದ್ರದ ಅನುಮತಿ ಬೇಕು. ಕೆಳಗಿನ ಇಲಿನಾಯ್‌ಗೆ ಹೋದ್ರೆ ಮತ್ತೆ ಬೇರೆ."

"ಒಂದು ಹೊಳೆ, ಎರಡು ದಡ, ಎರಡು ಕಾನೂನು. ಅಳಿಲಿಗೇನು ಗೊತ್ತು ಇದೆಲ್ಲ?" ಕೌ ಮೆಂಗ್ ಮೇಜಿಗೆ ಗುದ್ದಿದ.

"ಅಳಿಲು ಕೋವಿ ಹಿಡಿಯಲ್ಲ. ನೀನು ಹಿಡೀತೀಯ. ಅದು ಸರಿಯಿಲ್ಲ ಅನ್ಸಿದ್ರೆ ಶಾಸಕರ ಮನೆ ಬಾಗಿಲು ತಟ್ಟು, ನಾನೂ ಬರ್ತೀನಿ. ಅಲ್ಲಿವರೆಗೆ ಗರಗಸ ಅಲ್ಲ ಉತ್ತರ. ಇಷ್ಟಕ್ಕೂ ಗಿಡ್ಡ ನಳಿಗೆ ಹಿಡ್ಕೊಂಡು ಏನು ಹೊಡೀತೀಯ? ಚೆರೆ ಚೆಲ್ಲಾಡಿ ಹೋಗುತ್ತೆ. ಅಳಿಲು ಬದುಕುತ್ತೆ, ಪಾಪದ ಮರ ಸಾಯುತ್ತೆ."

ಅತ್ತೆ ಹಾಗಲಕಾಯಿ ಬುಟ್ಟಿ ಕೆಳಗಿಟ್ಟು ಕೋವಿಯನ್ನು ವೈಸಿನಿಂದ ಬಿಚ್ಚಿ ಅವನ ಕೈಗಿತ್ತಳು. "ಗೋಡೆ ಕಡೆ ಹಿಡಿ, ಭುಜಕ್ಕೆ ಏರಿಸು."

ಅವನು ಏರಿಸಿದ. ಭುಜಕ್ಕೆ ಆನಿಸುವ ಮರ ಕಂಕುಳಿಗೆ ಸಿಕ್ಕಿತು, ಅಂಗಿ ಎಳೆಯಿತು, ಕತ್ತು ಮುಂದಕ್ಕೆ ಚಾಚಿತು.

"ನೋಡಿದ್ಯಾ ತಮ್ಮ? ಉದ್ದ ಆಗಿರೋದು ಮುಂದೆ ಅಲ್ಲ, ಹಿಂದೆ. ಮರ ಇವನ ತೋಳಿಗೆ ದೊಡ್ಡದು. ಅಣ್ಣನ ತೋಳಿನ ಅಳತೆ ಅದು."

ಚಿಕ್ಕಪ್ಪ ಹತ್ತಿರ ಬಂದು ಅಣ್ಣನ ಮಗನ ಮೊಣಕೈ ಮಡಚಿ ನೋಡಿದ, ಮರ ನೋಡಿದ, ಮತ್ತೆ ಮೊಣಕೈ ನೋಡಿದ. ಮರ ನೋಡದೆ ಇಷ್ಟು ಹೊತ್ತು ನಳಿಗೆಯ ಹಿಂದೆಯೇ ಬಿದ್ದಿದ್ದಕ್ಕೆ ತನಗೇ ನಾಚಿಕೆಯಾದವನಂತೆ ತಲೆ ಕೆರೆದುಕೊಂಡ.

"ಮರ ಕೊಯ್ಯಬಹುದಾ ಅಕ್ಕ?"

"ಕೊಯ್ಯಬಹುದು. ಇಡೀ ಉದ್ದ ಇಪ್ಪತ್ತಾರಕ್ಕೆ ಕಡಿಮೆ ಆಗದಿದ್ರೆ ಸಾಕು. ಈ ಕೋವಿ ಅದರ ಹತ್ತಿರಕ್ಕೂ ಹೋಗಲ್ಲ. ಆದ್ರೆ ಟೇಪು ಹಿಡಿ. ನಿನ್ನ ಬೆಕ್ಕಿನ ಗೇಣು ಜೇಬಲ್ಲಿರಲಿ."

ಆ ಮಧ್ಯಾಹ್ನ ಶೆಡ್ಡಿನಲ್ಲಿ ಗರಗಸ ಓಡಿತು, ಮರದ ಮೇಲೆ. ಚಿಕ್ಕಪ್ಪ ತುದಿಯ ರಬ್ಬರು ಬಿಚ್ಚಿ, ಟೇಪು ಹಿಡಿದು ಒಂದೂವರೆ ಇಂಚು ಮರ ತೆಗೆದು, ಅರದಿಂದ ನಯ ಮಾಡಿ, ರಬ್ಬರನ್ನು ಮತ್ತೆ ಕೂರಿಸಿದ. ಕೌ ಮೆಂಗ್ ಕೋವಿ ಏರಿಸಿದ. ಕೆನ್ನೆ ತಾನಾಗಿ ಮರದ ಮೇಲೆ ಕೂತಿತು. ಅಪ್ಪ ಹಿಂದೆ ನಿಂತು ಮೊಣಕೈ ಸರಿಮಾಡಿದ ಹಾಗಾಯಿತು ಅವನಿಗೆ. ಇಳಿಸಿ, ಇನ್ನೊಮ್ಮೆ ಏರಿಸಿದ.

ಶನಿವಾರ ಸೇತುವೆಯಾಚೆ, ಕಾಡಿನ ಅಂಚಿನಲ್ಲಿ, ಬೇಟೆ ತಪಾಸಣೆಯ ಕಾವಲು ಅಧಿಕಾರಿ ಎಲ್ಲರ ಪರವಾನಗಿ ನೋಡಿ ಕೋವಿಗಳ ಮೇಲೂ ಕಣ್ಣಾಡಿಸಿದಳು. ಕೌ ಮೆಂಗ್‌ನ ಕೋವಿಯ ಬುಡ ಸವರಿ, "ಚೆನ್ನಾಗಿ ಕೂರಿಸಿದ್ದಾರೆ, ಯಾರ ಕೆಲಸ?" ಅಂದಳು. ಚಿಕ್ಕಪ್ಪನಿಗೆ ಅವಳ ಇಂಗ್ಲಿಷ್ ಅರ್ಥವಾಗಲಿಲ್ಲ. ಕೌ ಮೆಂಗ್ ತಿಳಿಸಿ ಹೇಳಿದ ಮೇಲೆ ಚಿಕ್ಕಪ್ಪನ ಉಬ್ಬಿದ ಎದೆ ದಿನವಿಡೀ ಇಳಿಯಲಿಲ್ಲ.

ಸಂಜೆ ಫುವೆಯ ಅಂಗಳದಲ್ಲಿ ಮಜ್ಜಿಗೆಹುಲ್ಲು ಹಾಕಿದ ಅಳಿಲಿನ ಸಾರು ಕುದಿಯಿತು. ಪಕ್ಕದಲ್ಲಿ ಅಂಟಕ್ಕಿ ಅನ್ನ, ಮೆಣಸಿನಕಾಯಿ ಚಟ್ನಿ. ಫುವೆಗಿಂತ ಕೌ ಮೆಂಗ್‌ಗೇ ಹೆಚ್ಚು ಅಳಿಲು ಬಿದ್ದಿದ್ದವು. ಈ ಸಲ ಫುವೆ ತಟ್ಟೆ ನೋಡಿಕೊಂಡು ಉಂಡ.

ಕೋವಿ ಇರುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಕೇಳಿ. "ಕೊಯ್ದುಬಿಡು, ಏನಾಗಲ್ಲ" ಎನ್ನುವವರು ಊರಿಗೆ ಹತ್ತು ಜನ ಸಿಗುತ್ತಾರೆ. ಅವರಲ್ಲಿ ಒಬ್ಬನೂ ನಿಮ್ಮ ಬದಲು ಜೈಲಿಗೆ ಹೋಗುವುದಿಲ್ಲ. ನಳಿಗೆ ಮುಟ್ಟುವ ಮೊದಲು ಕೋವಿ ಖಾಲಿ ಮಾಡಿ, ಮುಚ್ಚಿ, ಕೋಲಿಳಿಸಿ ಅಳೆಯಿರಿ. ಗಿಡ್ಡ ಮಾಡಲೇಬೇಕಿದ್ದರೆ ಒಪ್ಪಿಗೆ ಕೈಗೆ ಬಂದ ಮೇಲೆಯೇ ಗರಗಸ ತೆಗೆಯಿರಿ. ರಾಜ್ಯದ ಗಡಿ ದಾಟುವ ಮೊದಲು ಆಚೆಯ ಕಾನೂನು ಇವತ್ತು ಏನು ಹೇಳುತ್ತದೆಂದು ತಿಳಿದವರನ್ನು ಕೇಳಿ. ಹೋದ ವರ್ಷದ್ದು ಈ ವರ್ಷ ಇರಬೇಕಾಗಿಲ್ಲ. ಗೇಣು ಹೊಟ್ಟೆಗಿರಲಿ. ನಳಿಗೆಗೆ ಟೇಪು ಹಿಡಿಯಿರಿ.