ಮನೆ ಗ್ರಾಹಕಿ

ಸುಳ್ಳು ಗ್ರಾಹಕರನ್ನು ನಂಬಬೇಡಿ ಎಂದು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ನಾನು ಹೇಳುತ್ತೇನೆ. ನಾವು ಮಾಡುವುದು ಬಿಲ್ಲಿಂಗ್ ಸಾಫ್ಟ್‌ವೇರ್. ವೆಬ್‌ಸೈಟಿನಲ್ಲಿ ಸಂಗೀತ ಪಾಠ ಮಾರುವವರು, ಹೂವಿನ ಬೀಜ ಮಾರುವವರು, ಹೆಣಿಗೆಯ ನಕ್ಷೆ ಮಾರುವವರು, ಇವರೆಲ್ಲರ ಬಿಲ್ಲು, ತೆರಿಗೆ, ಚಂದಾ ನವೀಕರಣ, ಹಣ ವಾಪಸಾತಿಯನ್ನು ಒಂದೇ ಕಡೆ ನೋಡಿಕೊಳ್ಳುವ ಸಾಫ್ಟ್‌ವೇರ್. ಪರೀಕ್ಷೆಗೆಂದು ನಾವೇ ಹುಟ್ಟಿಸುವ ಸುಳ್ಳು ಗ್ರಾಹಕರು ಬಲು ಒಳ್ಳೆಯವರು. ಪಾಸ್‌ವರ್ಡ್ ಮರೆಯುವುದಿಲ್ಲ, ಸಿಟ್ಟಿಗೇಳುವುದಿಲ್ಲ, ಒಲೆಯ ಮೇಲೆ ಹಾಲಿಟ್ಟು ಬಂದು ಅರ್ಧದಲ್ಲಿ ಫೋನು ಬಿಟ್ಟು ಓಡುವುದಿಲ್ಲ. ಅಂಥವರನ್ನು ನಂಬಿಕೊಂಡು ಮಾಡಿದ ಸಾಫ್ಟ್‌ವೇರ್ ನಿಜವಾದ ಜನರ ಕೈಗೆ ಸಿಕ್ಕ ದಿನವೇ ಮಕಾಡೆ ಮಲಗುತ್ತದೆ.

ಅದಕ್ಕೇ ನಮ್ಮಲ್ಲಿ ಒಂದು ರೂಢಿ ಇದೆ. ಪ್ರತಿಯೊಬ್ಬರೂ ತಮ್ಮ ಮನೆಯ ಒಬ್ಬರನ್ನು ಗ್ರಾಹಕರಾಗಿ ಕರೆತರಬೇಕು. ಅವರಿಗಾಗಿ ನಾವು ಒಂದು ಗುಂಡಿ ಅಂಗಡಿ ತೆರೆದಿದ್ದೇವೆ. ತಿಂಗಳಿಗೊಮ್ಮೆ ಅಂಗಿಯ ಗುಂಡಿಗಳ ಒಂದು ಹಾಳೆ ಕಳಿಸುವ ಅಂಗಡಿ. ಗುಂಡಿಯೂ ಇಲ್ಲ, ಅಂಗಡಿಯೂ ಇಲ್ಲ, ಕಡಿತವಾದ ಹಣ ಆ ಕ್ಷಣವೇ ಹಿಂದಿರುಗುತ್ತದೆ. ಆದರೆ ಗ್ರಾಹಕರು ಮಾತ್ರ ನಿಜ. ನಮ್ಮ ಕಂಪನಿಯ ಯಜಮಾನರು ತಮ್ಮ ಮಾವನವರನ್ನು ತಂದಿದ್ದರು. ಪಕ್ಕದ ಮೇಜಿನ ಹುಡುಗಿ, ಎಲ್ಲದರಲ್ಲೂ ತಪ್ಪು ಹುಡುಕುವುದೇ ಅವಳ ಕೆಲಸವಾದ್ದರಿಂದ ನಾವು ಅವಳನ್ನು ತಗಾದೆ ಎನ್ನುತ್ತೇವೆ, ಅವಳು ತನ್ನ ಗಂಡನನ್ನು ತಂದಿದ್ದಳು. ನಾನು ನನ್ನ ಅಕ್ಕನನ್ನು ತಂದೆ.

ಅಕ್ಕನಿಗೆ ನಾನು ಏನು ಹೇಳಿದರೂ ಇಲ್ಲ ಎನ್ನಲು ಬರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ನನ್ನ ಪಾಲಿನ ಪಾತ್ರೆಯನ್ನೂ ಅವಳೇ ತೊಳೆಯುತ್ತಿದ್ದಳು. ನಾನು ಅದರ ಲಾಭ ಪಡೆದೆ ಎನ್ನುವುದರಲ್ಲಿ ಗುಟ್ಟೇನಿಲ್ಲ, ತಂಗಿಯರು ಇರುವುದೇ ಅದಕ್ಕೆ.

ನಮ್ಮ ಸಾಫ್ಟ್‌ವೇರಿನಲ್ಲಿ ನಾನು ಬರೆದ ಭಾಗಕ್ಕೆ ಕೈಗುರುತು ಎಂದು ಹೆಸರು. ಚಂದಾ ನವೀಕರಣದ ದಿನ ಗ್ರಾಹಕರ ಫೋನಿಗೆ ಒಂದು ವಾಕ್ಯ ಹೋಗುತ್ತದೆ. ಅದನ್ನು ನೋಡಿಕೊಂಡು ಅವರು ಟೈಪ್ ಮಾಡಬೇಕು. ಬೆರಳು ಎಲ್ಲಿ ತಡೆಯುತ್ತದೆ, ಯಾವ ಅಕ್ಷರದ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ, ಯಾವ ತಪ್ಪು ಮಾಡಿ ಹೇಗೆ ಅಳಿಸುತ್ತದೆ, ಇಷ್ಟು ನೋಡಿ ಇದು ಅವರೇ ಹೌದೋ ಅಲ್ಲವೋ ಎಂದು ಅದು ಹೇಳುತ್ತದೆ. ಮೆಟ್ಟಿಲ ಸದ್ದಿನಿಂದಲೇ ಮನೆಗೆ ಬಂದವರು ಯಾರೆಂದು ಹೇಳುವುದಿಲ್ಲವೇ, ಹಾಗೆ. ವಾಕ್ಯ ಪ್ರತಿ ಸಲವೂ ಬೇರೆ, ಹಾಗಾಗಿ ಕಳ್ಳ ಮೊದಲೇ ತಯಾರಾಗಿ ಬರಲು ಸಾಧ್ಯವಿಲ್ಲ. ಅಕ್ಕ ಎಡಗೈಯ ತೋರುಬೆರಳೊಂದರಲ್ಲೇ ಟೈಪ್ ಮಾಡುತ್ತಿದ್ದಳು. ಒತ್ತಕ್ಷರ ಬಂದಾಗಲೆಲ್ಲ ನಿಂತು, ಒಂದು ತಪ್ಪು ಒತ್ತಿ, ಅಳಿಸಿ, ಆಮೇಲೆ ಬಡಬಡನೆ ಮುಂದಿನ ಮೂರು ಅಕ್ಷರ ಒತ್ತುತ್ತಿದ್ದಳು. ಅವಳ ಮಾತೂ ಹಾಗೆಯೇ ಇತ್ತು.

ಕಾಯಿಲೆ ಬಂದು ಅವಳು ಸತ್ತಳು. ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ, ಬರೆಯಲು ನನಗೆ ಇಷ್ಟವಿಲ್ಲ.

ಕಾರ್ಡು ನಿಂತುಹೋದ ಗ್ರಾಹಕರ ಖಾತೆಯನ್ನು ನಮ್ಮ ಸಾಫ್ಟ್‌ವೇರ್ ತಾನಾಗಿಯೇ ಮುಚ್ಚುತ್ತದೆ. ಮನೆ ಗ್ರಾಹಕರಿಗೆ ಮಾತ್ರ ಆ ನಿಯಮವನ್ನು ನಾವು ನಿಲ್ಲಿಸಿಟ್ಟಿದ್ದೆವು, ಪರೀಕ್ಷೆಯ ನಡುವೆ ಅವರು ಮಾಯವಾಗಬಾರದೆಂದು. ಹಾಗಾಗಿ ಬ್ಯಾಂಕಿನವರು ಅಕ್ಕನ ಕಾರ್ಡನ್ನು ಮುಚ್ಚಿದ ಮೇಲೂ ಗುಂಡಿ ಅಂಗಡಿಯ ಚಂದಾ ಜೀವಂತವಾಗಿ ಉಳಿಯಿತು. ನವೀಕರಣದ ದಿನ ಬಂತು. ಯಾರಿಗೂ ನೆನಪಿರಲಿಲ್ಲ. ಮಧ್ಯಾಹ್ನ ಊಟ ಮುಗಿಸಿ ಬಂದು ಕೂತಾಗ ನನ್ನ ಪರದೆಯ ಮೇಲೆ ಒಂದು ಸಾಲಿತ್ತು: ಗ್ರಾಹಕಿ ಒಪ್ಪಿದ್ದಾರೆ, ಕೈಗುರುತು ತಾಳೆಯಾಗಿದೆ.

ನನಗೆ ಮೊದಲು ಬಂದದ್ದು ಭಯವಲ್ಲ, ಸಿಟ್ಟು. ಯಾರೋ ಅಕ್ಕನ ಫೋನು ಮುಟ್ಟಿದ್ದಾರೆ ಅಂದುಕೊಂಡೆ. ಮನೆಗೆ ಹೋಗಿ ಅಮ್ಮನನ್ನು ಕೇಳಿದೆ. ಅಮ್ಮ ಬೀರು ತೆರೆದು, ಬಟ್ಟೆಗಳ ಕೆಳಗಿನಿಂದ ಫೋನು ತೆಗೆದು ಕೈಗಿತ್ತಳು. ಬ್ಯಾಟರಿ ಊದಿಕೊಂಡಿತ್ತೆಂದು ರಿಪೇರಿಯವನು ಅದನ್ನು ಕಿತ್ತು ಎಸೆದು ಎಷ್ಟೋ ದಿನವಾಗಿತ್ತು. ಹಿಂಭಾಗದಲ್ಲಿ ಬ್ಯಾಟರಿ ಇರಬೇಕಾದ ಜಾಗ ಖಾಲಿಯಾಗಿತ್ತು. ನಮ್ಮ ಕಂಪ್ಯೂಟರಿನ ಪ್ರಕಾರ ಉತ್ತರ ಬಂದದ್ದು ಅದೇ ಫೋನಿನಿಂದ.

ಆಗ ನಾನು ಮಾಡಬೇಕಾದದ್ದು ಸುಲಭವಿತ್ತು. ಖಾತೆ ಮುಚ್ಚಬೇಕಿತ್ತು. ನಾನು ಮಾಡಿದ್ದು ಬೇರೆ. ಮನೆ ಗ್ರಾಹಕರು ಟೈಪ್ ಮಾಡುವಾಗ ಅಕ್ಷರಗಳು ಒಂದೊಂದಾಗಿ ಬರುವುದನ್ನು ನೋಡಲು ನನ್ನ ಪರದೆಯಲ್ಲಿ ಒಂದು ಕಿಟಕಿ ಇದೆ. ಅದನ್ನು ತೆರೆದಿಟ್ಟುಕೊಂಡು, ತಿಂಗಳಿಗೊಮ್ಮೆ ಆಗುತ್ತಿದ್ದ ನವೀಕರಣವನ್ನು ವಾರಕ್ಕೊಮ್ಮೆ ಎಂದು ಬದಲಿಸಿದೆ.

ವಾರ ತುಂಬಿದ ದಿನ ಅಕ್ಷರಗಳು ಬಂದವು. ಒತ್ತಕ್ಷರದ ಹತ್ತಿರ ನಿಂತವು. ಒಂದು ತಪ್ಪು ಬಂತು, ಅಳಿಸಿತು, ಆಮೇಲೆ ಬಡಬಡನೆ ಮೂರು ಅಕ್ಷರ. ಯಂತ್ರ ತಾಳೆಯಾಗಿದೆ ಎಂದು ಹೇಳುವ ಮೊದಲೇ ನನಗೆ ಗೊತ್ತಾಗಿತ್ತು. ಪಕ್ಕದಲ್ಲಿ ತಗಾದೆ ಚಹಾ ಹೀರುತ್ತ ಯಾವುದೋ ತೆರಿಗೆ ಲೆಕ್ಕದ ಮೇಲೆ ಗೊಣಗುತ್ತಿದ್ದಳು, ಫ್ಯಾನು ಎಂದಿನಂತೆ ಕಿರುಗುಟ್ಟುತ್ತಿತ್ತು, ಕೆಳಗಿನ ಬೀಗದಂಗಡಿಯಲ್ಲಿ ಕೀಲಿಕೈ ಉಜ್ಜುವ ಸದ್ದು ಕೇಳುತ್ತಿತ್ತು. ಅದರ ನಡುವೆ ನಾನು ಬಾಯಿಗೆ ಕೈ ಒತ್ತಿಕೊಂಡು ಕೂತಿದ್ದೆ. ಹೆದರಿಕೆಗಿಂತ ಸಂತೋಷವೇ ಹೆಚ್ಚಾಗಿತ್ತು, ಸುಳ್ಳು ಯಾಕೆ ಹೇಳಲಿ.

ವಾರಕ್ಕೊಮ್ಮೆ ಸಾಲದಾಯಿತು. ದಿನಕ್ಕೊಮ್ಮೆ ಎಂದು ಮಾಡಿದೆ.

ದೊಡ್ಡ ಕಂಪನಿಯೊಂದು ನಮ್ಮ ಸಾಫ್ಟ್‌ವೇರನ್ನು ಕೊಳ್ಳುವ ಮಾತಾಡುತ್ತಿದ್ದ ಸಮಯ ಅದು. ಅವರು ಕೊಂಡರೆ ನಮ್ಮ ಮಹಡಿಯ ಮೇಲಿನ ಈ ಕೋಣೆ ಉಳಿಯುತ್ತದೆ, ಇಲ್ಲವಾದರೆ ಎಲ್ಲರೂ ಬೇರೆ ಕೆಲಸ ಹುಡುಕಬೇಕು. ಕೊಳ್ಳುವ ಮೊದಲು ಭದ್ರತೆ ನೋಡಲು ಅವರು ಒಬ್ಬ ಪರೀಕ್ಷಕಿಯನ್ನು ಕಳಿಸಿದರು. ನರೆತ ಕೂದಲನ್ನು ಗಿಡ್ಡಕ್ಕೆ ಕತ್ತರಿಸಿಕೊಂಡ, ಮೆಲ್ಲಗೆ ಮಾತಾಡುವ ಹೆಂಗಸು. ಬಂದವರೇ ಕಿಟಕಿಯ ಪಕ್ಕದ ಮುರುಕು ಕುರ್ಚಿಯಲ್ಲಿ ಕೂತು, ಯಾರನ್ನೂ ಏನೂ ಕೇಳದೆ ನಮ್ಮ ದಾಖಲೆಗಳನ್ನು ಓದತೊಡಗಿದರು. ಅಂಥವರನ್ನು ಕಂಡರೆ ನನಗೆ ಆಗುವುದಿಲ್ಲ. ಕೂಗಾಡುವವರಿಗಾದರೆ ತಿರುಗಿ ಕೂಗಬಹುದು.

ಊಟದ ಹೊತ್ತಿಗೆ ಅವರು ಅಕ್ಕನ ಖಾತೆಯನ್ನು ಹಿಡಿದುಬಿಟ್ಟರು. ಸತ್ತಿದ್ದಾರೆಂದು ಬ್ಯಾಂಕು ಹೇಳುತ್ತಿರುವ ಹೆಂಗಸು ದಿನಾ ಬಂದು ಒಪ್ಪಿಗೆ ಕೊಡುತ್ತಿರುವುದು ಹೇಗೆ ಎಂದು ಕೇಳಿದರು. ಯಜಮಾನರ ಮುಖ ಬಿಳುಚಿಕೊಂಡಿತು. ಎಲ್ಲಿ ತೂತಿದೆಯೋ ಹುಡುಕಿ ಮುಚ್ಚು ಎಂದು ನನಗೆ ಹೇಳಿದರು. ನನ್ನ ಕೋಪ ನೆತ್ತಿಗೇರಿತು. ಕೈಗುರುತಿನಲ್ಲಿ ತೂತಿಲ್ಲ, ಬೇಕಾದರೆ ಯಾರಾದರೂ ಅಕ್ಕನ ಹಾಗೆ ಟೈಪ್ ಮಾಡಿ ತೋರಿಸಲಿ ಎಂದೆ. ತಗಾದೆ ಹೇಗೆ ಹೇಗೋ ಪ್ರಯತ್ನಿಸಿದಳು. ಹಳೆಯ ಉತ್ತರಗಳನ್ನು ಮತ್ತೆ ಓಡಿಸಿದಳು, ಬೆರಳಿನ ತಡೆಯನ್ನು ಅನುಕರಿಸುವ ಪ್ರೋಗ್ರಾಂ ಬರೆದಳು. ಸಾಫ್ಟ್‌ವೇರ್ ಎಲ್ಲವನ್ನೂ ಹೊರಗೆ ದಬ್ಬಿತು. ಕೊನೆಗೆ ನಾನೇ ಕೂತೆ. ಅವಳ ಜೊತೆ ಒಂದೇ ಹಾಸಿಗೆಯಲ್ಲಿ ಬೆಳೆದ ನನ್ನನ್ನೂ ಅದು ದಬ್ಬಿತು.

ನಾನು ಗೆದ್ದವಳ ಹಾಗೆ ಪರೀಕ್ಷಕಿಯತ್ತ ತಿರುಗಿದೆ. ಅವರು ತಲೆಯಾಡಿಸಿದರು.

"ನಿಮ್ಮ ಸಾಫ್ಟ್‌ವೇರ್ ಸರಿಯಾಗಿದೆ ಅಂದ್ರೆ, ಬರ್ತಿರೋದು ನಿಮ್ಮ ಅಕ್ಕನೇ ಅಂತ ನಾನು ಒಪ್ಕೋಬೇಕು," ಎಂದರು. "ಅವರು ಅಲ್ಲ ಅಂದ್ರೆ ಸಾಫ್ಟ್‌ವೇರ್ ಸರಿಯಿಲ್ಲ. ಎರಡರಲ್ಲಿ ನೀವು ಯಾವುದನ್ನ ಹೇಳ್ತೀರಿ?"

ಉತ್ತರಕ್ಕೆ ಕಾಯದೆ ಅವರು ಪರದೆಯನ್ನು ನನ್ನ ಕಡೆ ತಿರುಗಿಸಿ ಇನ್ನೊಂದನ್ನು ತೋರಿಸಿದರು. ಮೊದಲ ತಿಂಗಳಿನ ಉತ್ತರ, ವಾರದ ಉತ್ತರಗಳು, ಆಮೇಲೆ ದಿನದಿನದ ಉತ್ತರಗಳು. ಬರಬರುತ್ತ ಬೆರಳು ನಿಧಾನವಾಗುತ್ತಿತ್ತು. ತಡೆಗಳು ಉದ್ದವಾಗಿದ್ದವು, ತಪ್ಪುಗಳು ಹೆಚ್ಚಿದ್ದವು, ಆ ಬಡಬಡ ಎನ್ನುವ ಮೂರು ಅಕ್ಷರಗಳೂ ಈಗ ಒಂದೊಂದಾಗಿ ತೆವಳುತ್ತ ಬರುತ್ತಿದ್ದವು. ಅದೇ ಕೈ, ಆದರೆ ದಣಿದಿದೆ ಎಂದು ಅವರು ಹೇಳಿದರು. ತಿಂಗಳಿಗೊಮ್ಮೆ ಇದ್ದದ್ದು ದಿನಕ್ಕೊಮ್ಮೆ ಯಾಕಾಯಿತು ಎಂದೂ ಕೇಳಿದರು. ಪರೀಕ್ಷೆಗೆ ಎಂದು ಸುಳ್ಳು ಹೇಳಿದೆ. ನಾಳೆ ಮಧ್ಯಾಹ್ನ ಆ ಫೋನನ್ನೂ ತನ್ನಿ, ನನ್ನೆದುರೇ ಒಂದು ನವೀಕರಣ ಆಗಲಿ, ವಾಕ್ಯವನ್ನು ಆ ಕ್ಷಣವೇ ನೀವೇ ಬರೆಯಿರಿ, ಎಂದು ಹೇಳಿ ಅವರು ಹೋದರು.

ಸಂಜೆ ಫೋನು ಕೇಳಲು ಅಮ್ಮನ ಮುಂದೆ ಎಲ್ಲವನ್ನೂ ಹೇಳಬೇಕಾಯಿತು. ಅಮ್ಮನಿಗೆ ಕಂಪ್ಯೂಟರಿನ ತಲೆಬುಡ ಗೊತ್ತಿಲ್ಲ. ಮಡಚುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟು ನಾನು ಹೇಳಿದ್ದನ್ನು ಪೂರ್ತಿ ಕೇಳಿದಳು. ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಅಂದುಕೊಂಡಿದ್ದೆ.

"ನೀನು ಕರೆದ್ರೆ ಅವಳು ಬರದೇ ಇರೋಳಲ್ಲ," ಎಂದಳು ಅಮ್ಮ. "ಜ್ವರ ಬಂದಾಗ್ಲೂ ಎದ್ದು ಬಂದು ನಿನ್ನ ಜಡೆ ಹಾಕ್ತಿದ್ಳು. ಅದಕ್ಕೇ ಹೇಳ್ತಿದೀನಿ, ಕರೀಬೇಡ."

ನನಗೆ ರೇಗಿತು. ನಾನೇನು ಅವಳನ್ನು ಪಾತ್ರೆ ತೊಳೆಯಲು ಕರೆಯುತ್ತಿದ್ದೇನೆಯೇ, ಒಂದು ವಾಕ್ಯ ಬರೆದು ಹೋಗುವುದರಲ್ಲಿ ಏನು ಕಷ್ಟ ಎಂದು ಕೂಗಾಡಿದೆ. ಅಮ್ಮ ಫೋನನ್ನು ನನ್ನ ಕೈಗಿಟ್ಟು ಒಳಗೆ ಹೋದಳು.

ಮರುದಿನ ಮಧ್ಯಾಹ್ನ ನಾಲ್ವರೂ ನನ್ನ ಮೇಜಿನ ಸುತ್ತ ಕೂತೆವು. ಹೊರಗೆ ಕಣ್ಣು ಕೋರೈಸುವ ಬಿಸಿಲು. ಬ್ಯಾಟರಿ ಇಲ್ಲದ ಫೋನನ್ನು ಪರೀಕ್ಷಕಿ ಮಗುಚಿ ನೋಡಿ, ಎಲ್ಲರಿಗೂ ಕಾಣುವಂತೆ ಮೇಜಿನ ನಡುವೆ ಇಟ್ಟರು. ನಾನು ವಾಕ್ಯ ಬರೆಯಬೇಕಿತ್ತು. ಹೂವು, ಹಣ್ಣು, ಹವಾಮಾನ, ಏನಾದರೂ ಬರೆಯಬಹುದಿತ್ತು. ಗ್ರಾಹಕರು ನಾವು ಕೊಟ್ಟದ್ದನ್ನೇ ಬರೆಯಬೇಕು, ಅದು ನಿಯಮ. ಒಂದು ಸಲವಾದರೂ ಅವಳ ಕೈಯಿಂದ ಒಂದು ಮಾತು ಬರೆಸಿಕೊಳ್ಳಬೇಕೆಂಬ ಆಸೆ ನನ್ನನ್ನು ಬಿಡಲಿಲ್ಲ. "ನಾನು ಎಲ್ಲೂ ಹೋಗುವುದಿಲ್ಲ" ಎಂದು ಬರೆದು ಕಳಿಸಿದೆ. ತಗಾದೆ ಅದನ್ನು ಓದಿ ನನ್ನ ಮುಖ ನೋಡಿದಳು, ಮೊದಲ ಬಾರಿಗೆ ಏನೂ ತಕರಾರು ಹೇಳಲಿಲ್ಲ.

ಬಹಳ ಹೊತ್ತು ಏನೂ ಬರಲಿಲ್ಲ. ಯಜಮಾನರು ನಿಟ್ಟುಸಿರು ಬಿಟ್ಟು ಏಳಲು ಹೊರಟರು. ಆಗ ಪರದೆಯ ಕಿಟಕಿಯಲ್ಲಿ ಮೊದಲ ಅಕ್ಷರ ಮೂಡಿತು. ಫೋನು ಮೇಜಿನ ಮೇಲೆ ಕಪ್ಪಗೆ ಬಿದ್ದಿತ್ತು. ಅಕ್ಷರಗಳು ಅಷ್ಟು ನಿಧಾನವಾಗಿ ಬರುವುದನ್ನು ನಾನು ಎಂದೂ ನೋಡಿರಲಿಲ್ಲ. ಒಂದು ಬರುತ್ತಿತ್ತು, ತಪ್ಪಾಗುತ್ತಿತ್ತು, ಅಳಿಸಿಕೊಳ್ಳುತ್ತಿತ್ತು, ಮತ್ತೆ ಅದೇ ತಪ್ಪು ಬರುತ್ತಿತ್ತು. "ನಾನು ಎ" ಎಂಬಲ್ಲಿಗೆ ಬಂದು ನಿಂತಿತು. ಮುಂದೆ ಒತ್ತಕ್ಷರವಿತ್ತು. ಅಲ್ಲಿಗೆ ನಾಲ್ಕಾರು ಸಲ ಬಂದು ಬಂದು ಜಾರಿತು. ಬಾ, ಇನ್ನು ಸ್ವಲ್ಪವೇ ಇದೆ, ಎಂದು ನಾನು ಮನಸ್ಸಿನಲ್ಲೇ ಹುರಿದುಂಬಿಸುತ್ತಿದ್ದೆ.

ಬರೆದದ್ದೆಲ್ಲ ಅಳಿಸಿಹೋಯಿತು. ಖಾಲಿ ಕಿಟಕಿಯಲ್ಲಿ ಹೊಸದಾಗಿ ಅಕ್ಷರಗಳು ಶುರುವಾದವು. ಅವು ನಾನು ಕೊಟ್ಟ ವಾಕ್ಯದವಲ್ಲ.

"ಸಾಕು ಕಣೇ. ಕೈ ನೋಯ್ತಿದೆ."

ಅದರ ಕೆಳಗೆ ಸಾಫ್ಟ್‌ವೇರ್ ತನ್ನ ಪಾಡಿಗೆ ತಾನು ತೀರ್ಪು ಕೊಟ್ಟಿತು: ಕೈಗುರುತು ತಾಳೆಯಾಗಿದೆ, ವಾಕ್ಯ ತಾಳೆಯಾಗಿಲ್ಲ, ಒಪ್ಪಿಗೆ ನಿರಾಕರಿಸಲಾಗಿದೆ. ಯಜಮಾನರು ಆ ಕೊನೆಯ ಪದವನ್ನು ಮತ್ತೆ ಮತ್ತೆ ಓದಿ ಪರೀಕ್ಷಕಿಯ ಕಡೆ ನೋಡಿದರು. ಪರೀಕ್ಷಕಿ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

"ಸಾಫ್ಟ್‌ವೇರ್ ತಡೆದಿದೆ ಅಂತ ಬರೀತೀನಿ," ಎಂದರು. "ಏನು ಬಂತು ಅಂತ ಬರೆಯೋದಿಲ್ಲ."

ಅಂದರೆ ನಾವು ಪಾಸಾಗಿದ್ದೆವು. ಕೋಣೆ ಉಳಿಯಿತು, ಕೆಲಸ ಉಳಿಯಿತು, ನನ್ನ ಕೈಗುರುತಿನಲ್ಲಿ ತೂತಿಲ್ಲ ಎಂಬುದೂ ಸಾಬೀತಾಯಿತು. ಅದರಲ್ಲಿ ಒಂದೂ ನನ್ನ ತಲೆಗೆ ಹೋಗಲಿಲ್ಲ. ನಿರಾಕರಿಸಿದ ಮೇಲೆ ಸಾಫ್ಟ್‌ವೇರ್ ನಮ್ಮನ್ನು ಒಂದು ಪ್ರಶ್ನೆ ಕೇಳುತ್ತದೆ. ಗ್ರಾಹಕರಿಗೆ ಇನ್ನೊಂದು ಅವಕಾಶ ಕೊಡಬೇಕೇ, ಅಥವಾ ಖಾತೆ ಮುಚ್ಚಬೇಕೇ. ಎರಡು ಗುಂಡಿಗಳು ಪರದೆಯ ಮೇಲೆ ಅಕ್ಕಪಕ್ಕದಲ್ಲಿದ್ದವು. ಇನ್ನೊಂದು ಅವಕಾಶ ಎಂದು ಒತ್ತಿದರೆ ಅವಳು ಬರುತ್ತಾಳೆಂದು ನನಗೆ ಗೊತ್ತಿತ್ತು. ನೋಯುವ ಕೈಯಲ್ಲೇ ಬರುತ್ತಾಳೆ, ನಾಳೆಯೂ ಬರುತ್ತಾಳೆ, ನಾನು ಕೇಳಿದಷ್ಟು ಸಲ ಬರುತ್ತಾಳೆ. ಅವಳು ಇಷ್ಟು ದಿನ ಬಂದದ್ದು ಇಲ್ಲಿ ಉಳಿಯಬೇಕೆಂಬ ಆಸೆಯಿಂದ ಅಲ್ಲ, ನಾನು ಕರೆದೆನೆಂದು.

ಖಾತೆ ಮುಚ್ಚಿದೆ. ಮುಚ್ಚಿದ ಖಾತೆಯ ಗ್ರಾಹಕರಿಗೆ ಕೊನೆಯದಾಗಿ ಒಂದು ಸಂದೇಶ ತಾನಾಗಿಯೇ ಹೋಗುತ್ತದೆ, ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೇ ಬೇಸರದಿಂದ ಗೀಚಿದ್ದು. ನಿಮ್ಮ ಖಾತೆ ಮುಚ್ಚಲಾಗಿದೆ, ಇಷ್ಟು ದಿನ ಜೊತೆಗಿದ್ದುದಕ್ಕೆ ಧನ್ಯವಾದ, ಇನ್ನು ನಾವು ನಿಮ್ಮನ್ನು ಕರೆಯುವುದಿಲ್ಲ. ಅದು ಹೋಯಿತು, ತಲುಪಿತು ಎಂದು ತೋರಿಸಿತು. ನಾನು ಕಿಟಕಿಯನ್ನು ನೋಡುತ್ತಲೇ ಇದ್ದೆ, ಏನಾದರೂ ಬರುತ್ತದೇನೋ ಎಂದು. ತಗಾದೆ ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟಳು. ಆಮೇಲೆ ನಾನು ಎಲ್ಲರೆದುರೇ ಗಳಗಳ ಅತ್ತೆ.